ಜೊತೆಗೆ ಯಾರು ಬರುತ್ತಾರೆ?

ಆ ಊರಿನಲ್ಲಿ ಹಲ್ಲುನೋವು ಅಂತ ಕೆನ್ನೆ ಹಿಡಿದುಕೊಂಡು ಹೋದರೆ ಯಾವ ಹಲ್ಲು ಎಂದು ಯಾರೂ ಕೇಳುವುದಿಲ್ಲ. ಜೊತೆಗೆ ಯಾರು ಬರುತ್ತಾರೆ ಎಂದು ಕೇಳುತ್ತಾರೆ. ನಾವು ಹೊಸದಾಗಿ ಹೋಗಿದ್ದಾಗ ಇದು ಅಲ್ಲಿಯವರ ಉಪಚಾರದ ಮಾತು ಅಂದುಕೊಂಡಿದ್ದೆ, ನಮ್ಮ ಕಡೆ ‘ಊಟ ಆಯ್ತಾ’ ಅನ್ನುವ ಹಾಗೆ. ಆಗಿಲ್ಲ ಅಂದರೂ ಕೇಳಿದವರೇನು ಎಲೆ ಹಾಕಿ ಬಡಿಸುವುದಿಲ್ಲವಲ್ಲ.

ನಮ್ಮನೆಯವರು ಅಲ್ಲಿಯ ಬಂದರಿನಲ್ಲಿ ಹೂಳೆತ್ತುವ ಹಡಗಿನ ಮೇಲೆ ಕೆಲಸಕ್ಕಿದ್ದರು. ಸಮುದ್ರಕ್ಕೆ ಹೋದರೆಂದರೆ ಮಕ್ಕಳ ಚಪ್ಪಲಿ ಸಣ್ಣದಾಗುವವರೆಗೂ ಬರುತ್ತಿರಲಿಲ್ಲ. ನನಗೆ ಲಾಂಡ್ರಿಯಲ್ಲಿ ಕೆಲಸ. ಊರಿನ ಹೋಟೆಲುಗಳ ಚಾದರವೆಲ್ಲ ಅಲ್ಲಿಗೇ ಬರುತ್ತಿತ್ತು. ಬೆಳಗಿನಿಂದ ಸಂಜೆಯವರೆಗೆ ನಿಂತು ಇಸ್ತ್ರಿ ಮಾಡುವುದು, ಮಡಚುವುದು, ಮನೆಗೆ ಬಂದು ಮತ್ತೆ ನಿಂತು ಅಡುಗೆ ಮಾಡುವುದು. ಮಂದಾರ ಮತ್ತು ಓಂಕಾರ ಇಬ್ಬರೂ ಶಾಲೆಯಿಂದ ಬಂದು ಬೀಗ ಹಾಕಿದ ಬಾಗಿಲ ಮುಂದೆ ಕೂತಿರುತ್ತಿದ್ದರು. ಅದನ್ನು ಕೇಳಿ, ಮೊಮ್ಮಕ್ಕಳನ್ನು ನೋಡಿಕೊಳ್ಳಲು ನಮ್ಮ ಅತ್ತೆ ನೀಲವ್ವ ಊರಿನಿಂದ ಬಂದರು. ಬರುವಾಗ ಸೂಟ್‌ಕೇಸಿನ ತುಂಬ ಕಡಕ್ ರೊಟ್ಟಿ ತಂದರು.

‘ಬ್ರೆಡ್ ತಿಂದು ತಿಂದು ಹುಡುಗರ ಮಾರಿ ಬ್ರೆಡ್ಡಿನಂಗ ಆಗ್ಯಾವ’ ಅಂದರು ಬಾಗಿಲಲ್ಲೇ ನಿಂತು. ಆಮೇಲೆ ನನ್ನ ಕಡೆ ತಿರುಗಿ, ‘ನೀ ಅಂತೂ ಮೊದಲಿನಂಗ ಅದೀ ಬಿಡು’ ಅಂದರು. ಇದು ಹೊಗಳಿಕೆಯಲ್ಲ ಎಂದು ತಿಳಿಯುವಷ್ಟು ವರ್ಷ ಅವರ ಸೊಸೆಯಾಗಿದ್ದೆ.

ನನ್ನ ಬೇಳೆಗೆ ಉಪ್ಪು ಕಡಿಮೆ, ಕಸಬರಿಗೆ ನಿಲ್ಲಿಸುವ ದಿಕ್ಕು ತಪ್ಪು, ಮಂದಾರಳ ಜಡೆ ಸಡಿಲ. ರಾಣೆಬೆನ್ನೂರಿನಲ್ಲಿರುವ ನನ್ನ ಅಕ್ಕನಿಗೆ ಫೋನು ಮಾಡಿದಾಗಲೆಲ್ಲ ನಾನು ಅತ್ತೆಯ ವಿಷಯ ಬಿಟ್ಟು ಬೇರೆ ಮಾತಾಡಿದ್ದು ನೆನಪಿಲ್ಲ. ಅಕ್ಕ ಆ ಕಡೆ ತರಕಾರಿ ಹೆಚ್ಚಿಕೊಳ್ಳುತ್ತ ಹೂಂಗುಟ್ಟುತ್ತಿದ್ದಳು. ಅವಳ ಪಾಲಿಗೆ ಅದು ರೇಡಿಯೊ.

ಹೀಗಿರುವಾಗ ಅತ್ತೆ ತಾವೇ ತಂದ ರೊಟ್ಟಿ ಕಚ್ಚಿ ಹಲ್ಲು ಮುರಿದುಕೊಂಡರು. ರೊಟ್ಟಿಯದೇನೂ ತಪ್ಪಿಲ್ಲವಂತೆ. ‘ಈ ಊರ ಗಾಳಿಗೆ ಹಲ್ಲು ಮೆತ್ತಗಾಗ್ಯಾವ’ ಅಂದರು.

ಪರಸ್ಥಳದಲ್ಲಿ ಅಕ್ಕಿ ಎಲ್ಲಿ ಸಿಗುತ್ತದೆ, ಒಗ್ಗರಣೆಗೆ ಸಾಸಿವೆ ಎಲ್ಲಿ ಸಿಗುತ್ತದೆ ಎಂದು ಕಂಡುಕೊಳ್ಳಬಹುದು. ಒಳ್ಳೆಯ ಹಲ್ಲಿನ ಡಾಕ್ಟರು ಎಲ್ಲಿ ಸಿಗುತ್ತಾರೆ ಎಂಬುದು ಕಷ್ಟ. ನಾನು ನಮ್ಮ ಕಡೆಯವರು ಮಾಡುವುದನ್ನೇ ಮಾಡಿದೆ. ಲಾಂಡ್ರಿಯಲ್ಲಿ ಸಿಕ್ಕಸಿಕ್ಕವರನ್ನೆಲ್ಲ ನಿಲ್ಲಿಸಿ, ನೀವು ಯಾರ ಹತ್ತಿರ ಹಲ್ಲು ತೋರಿಸಿದಿರಿ, ಅವರ ಕೈಗುಣ ಹೇಗೆ ಎಂದು ಕೇಳಿದೆ. ಎಲ್ಲರೂ ಡಾಕ್ಟರ್ ತಾಮಿಸ್ ಅಂದರು. ಕೆಳಗಿನ ಸಾಲು ಪೂರ್ತಿ ಕೀಳಿಸಿಕೊಂಡವರೂ ‘ನನಗೇನೂ ಗೊತ್ತೇ ಆಗಲಿಲ್ಲ’ ಅಂದರು. ಎಂಥ ಕೈ ಇರಬೇಕು ಅದು ಅಂತ ಆಶ್ಚರ್ಯಪಟ್ಟೆ. ನನ್ನ ಜೊತೆ ಚಾದರದ ಆ ತುದಿ ಹಿಡಿಯುವ ಓರ್ಲಾ ಮಾತ್ರ ಯಾರ ಹೆಸರನ್ನೂ ಹೇಳಲಿಲ್ಲ.

‘ಜೊತೆಗೆ ಯಾರು ಹೋಗುತ್ತಾರೆ?’ ಎಂದು ಕೇಳಿದಳು.

‘ನಾನೇ. ಇನ್ಯಾರಿದ್ದಾರೆ?’

ಓರ್ಲಾ ಕೈಯಲ್ಲಿದ್ದ ಚಾದರ ಮಡಚಿಟ್ಟಳು. ‘ಬೆಳಿಗ್ಗೆ ಹೊಟ್ಟೆ ತುಂಬ ತಿಂದು ಹೋಗು’ ಅಂದಳು.

ಡಾಕ್ಟರ್ ತಾಮಿಸರ ದವಾಖಾನೆ ಮಹಡಿಯ ಮೇಲೆ. ಬೂಟು, ಚಪ್ಪಲಿ ಕೆಳಗೆ ಮೆಟ್ಟಿಲ ಬಳಿ ಬಿಟ್ಟು ಹತ್ತಬೇಕು. ಅತ್ತೆಯನ್ನು ಒರಗುವ ಕುರ್ಚಿಯಲ್ಲಿ ಮಲಗಿಸಿದರು. ಅದರ ಬಲಕ್ಕೆ ಒಂದು ಮರದ ಸ್ಟೂಲು. ಕೂತು ಕೂತು ಅದರ ನಡುಭಾಗ ಬಟ್ಟಲಿನಂತೆ ಸವೆದಿತ್ತು. ನರ್ಸು ನನ್ನನ್ನು ಅದರ ಮೇಲೆ ಕೂರಿಸಿ, ಅತ್ತೆಯ ಬಲಗೈಯನ್ನು ನನ್ನ ಕೈಯೊಳಗೆ ಇಟ್ಟಳು. ವಯಸ್ಸಾದವರಿಗೆ ಧೈರ್ಯವಾಗಲಿ ಅಂತ ಇರಬೇಕು, ಎಷ್ಟು ಸಂಸ್ಕಾರವಂತರು ಅಂದುಕೊಂಡೆ. ಡಾಕ್ಟರು ಯಂತ್ರ ಕೈಗೆತ್ತಿಕೊಂಡು ‘ಸ್ವಲ್ಪ ತಡೆದುಕೊಳ್ಳಿ’ ಅಂದರು. ಅತ್ತೆಗಲ್ಲ, ನನಗೆ.

ನನ್ನ ಬಾಯಿ ಮುಚ್ಚಿತ್ತು. ನನ್ನ ಹಲ್ಲನ್ನು ಯಾರೂ ಮುಟ್ಟಿರಲಿಲ್ಲ. ಆದರೂ ದವಡೆಯಿಂದ ಎದ್ದ ನೋವು ಕಿವಿಯನ್ನು ಸುತ್ತಿ ನೆತ್ತಿಗೆ ಹೋಗಿ, ಅಲ್ಲಿ ಜಾಗ ಸಾಲದೆ ಮತ್ತೆ ಕೆಳಗಿಳಿಯಿತು. ಎರಡು ಹೆರಿಗೆ ಕಂಡವಳು ನಾನು. ಅವು ಹೀಗೆ ಒಂದೇ ಬಿಂದುವಿನಲ್ಲಿ ಕೂತಿರಲಿಲ್ಲ. ಅತ್ತೆ ಬಾಯಿ ತೆರೆದುಕೊಂಡು ಆರಾಮಾಗಿ ಮೇಲಿನ ಫ್ಯಾನು ನೋಡುತ್ತಿದ್ದರು. ಮಧ್ಯೆ ಒಂದು ಸಲ, ಬಾಯಿಯಲ್ಲಿ ಯಂತ್ರ ಇರುವಾಗಲೇ, ಫ್ಯಾನಿನ ಮೇಲೆ ಧೂಳು ಕೂತಿದೆ ಎಂದು ಬೆರಳು ಮಾಡಿ ನನಗೆ ತೋರಿಸಿದರು.

ಹೊರಗೆ ಬಂದಾಗ ನನ್ನ ರವಿಕೆ ಬೆನ್ನಿಗೆ ಅಂಟಿತ್ತು. ‘ಏನ ಡಾಕ್ಟರ ಅದಾನ ಮಾರಾಯ್ತಿ!’ ಅಂದರು ಅತ್ತೆ. ‘ಗುಬ್ಬಿ ಮುಟ್ಟಿಧಂಗ ಆತು. ನಿಮ್ಮ ಮಾವಗ ಸಂತ್ಯಾಗ ಹಲ್ಲು ಕೀಳೂ ಮುಂದ ನಾಕು ಮಂದಿ ಹಿಡಕೊಂಡಿದ್ರು. ಅದಿರ್ಲಿ, ನೀ ಯಾಕ ಹಿಂಗ ಬೆವತೀ? ಬಾಯಿ ನೋಡಿದ್ದಕ್ಕ ಹಿಂಗಾದ್ರ ಹೆಂಗವಾ?’

‘ಶೆಕಿ ಐತಿ ಅತ್ತಿ’ ಅಂದೆ.

ಮಾರನೆಯ ದಿನ ಓರ್ಲಾ ತಾನಾಗಿಯೇ ಮಾತೆತ್ತಿದಳು. ‘ಮಲಗಿದವರನ್ನು ಕೇಳಿದರೆ ಎಲ್ಲ ಡಾಕ್ಟರೂ ಒಳ್ಳೆಯವರೇ. ಸ್ಟೂಲಿನ ಮೇಲೆ ಕೂತವರನ್ನು ಕೇಳಬೇಕು’ ಅಂದಳು.

‘ಹಾಗಾದರೆ ನೀನು ಮೊದಲೇ ಹೇಳಬಾರದಿತ್ತಾ?’

‘ಸ್ಟೂಲಿನ ಮೇಲೆ ಕೂತವರು ಹೇಳಬಾರದು. ಮದುವೆಗೆ ಕೊಟ್ಟ ಉಡುಗೊರೆಯ ಬೆಲೆ ಹೇಳುತ್ತಾರೆಯೇ ಯಾರಾದರೂ?’ ಚಾದರವನ್ನು ಜಗ್ಗಿ ಹಿಡಿದು, ದನಿ ತಗ್ಗಿಸಿದಳು. ‘ಅದಿರಲಿ, ದಾಟಿತಾ? ಪೂರ್ತಿ?’

‘ಪೂರ್ತಿ ಅಂದರೆ? ನನಗೆ ಏನೂ ಉಳಿದಿಲ್ಲ ಇನ್ನು.’

‘ಅಬ್ಬಾ’ ಅಂದಳು ಓರ್ಲಾ. ‘ನಿಮ್ಮ ಅತ್ತೆ ಅಂದರೆ ನಿನಗೆ ಅಷ್ಟೊಂದು ಇಷ್ಟವಾ!’

ನನ್ನ ಕೈಯಿಂದ ಚಾದರದ ತುದಿ ಜಾರಿ ನೆಲಕ್ಕೆ ಬಿತ್ತು. ಅವಳು ಹೇಳಿದ್ದು ಇಷ್ಟು: ಕೂಲಿಗೆ ಬಂದು ಕೂತವರಿಗೆ ನೋವು ದಾಟುವುದಿಲ್ಲ. ಮರ್ಯಾದೆಗೆ, ದಾಕ್ಷಿಣ್ಯಕ್ಕೆ ಬಂದು ಕೂತವರಿಗೂ ದಾಟುವುದಿಲ್ಲ. ಮನಸ್ಸು ಇದ್ದವರಿಗೆ ಮಾತ್ರ. ನನ್ನ ಮನಸ್ಸು ನನಗೆ ಗೊತ್ತಿತ್ತಲ್ಲ, ಪ್ರತಿ ವಾರ ರಾಣೆಬೆನ್ನೂರಿಗೆ ವರದಿ ಹೋಗುತ್ತಿತ್ತಲ್ಲ! ಆ ವರದಿಯ ಒಂದು ಮಾತೂ ನನ್ನ ದವಡೆಗೆ ಮುಟ್ಟಿರಲಿಲ್ಲ ಅಂತ ಕಾಣುತ್ತದೆ.

‘ದಾಟದಿದ್ದರೆ?’ ಎಂದು ಕೇಳಿದೆ.

‘ಮಲಗಿದವರು ಎಡಗೈ ಎತ್ತುತ್ತಾರೆ. ಡಾಕ್ಟರು ನಿಲ್ಲಿಸುತ್ತಾರೆ. ಇಬ್ಬರೂ ಮನೆಗೆ ಹೋಗುತ್ತಾರೆ’ ಅಂದಳು. ‘ಮೂಲೆಯ ಚಪ್ಪಲಿ ಅಂಗಡಿಯವನು ಗೊತ್ತಲ್ಲ?’

ಗೊತ್ತಿತ್ತು. ಮಧ್ಯಾಹ್ನ ಅಂಗಡಿಯಲ್ಲೇ ನಿಂತುಕೊಂಡು ಬನ್ನು ತಿನ್ನುವ ಮನುಷ್ಯ. ಹೆಂಡತಿಗೆ ದವಡೆ ಹಲ್ಲು ತೆಗೆಸಲು ತಾನೇ ಮುಂದಾಗಿ ಹೋಗಿ ಕೂತಿದ್ದನಂತೆ. ಮೊಮ್ಮಕ್ಕಳನ್ನು ಕಂಡ ದಾಂಪತ್ಯ. ಅವಳ ಎಡಗೈ ಮೇಲೆ ಹೋಯಿತಂತೆ. ಜಗಳವಾಗಲಿಲ್ಲ, ಯಾರೂ ಅವನನ್ನು ಬೈಯಲೂ ಇಲ್ಲ. ಕಾಯಿಲೆಯವರ ಹತ್ತಿರ ಮಾತಾಡುವ ಹಾಗೆ ಊರಿನವರೆಲ್ಲ ಅವನ ಹತ್ತಿರ ಮೆಲ್ಲಗೆ ಮಾತಾಡತೊಡಗಿದರು, ಅಷ್ಟೆ. ಅದೇ ಸಾಕಾಯಿತು, ಊಟಕ್ಕೆ ಮನೆಗೆ ಹೋಗುವುದನ್ನು ಬಿಟ್ಟ.

ಸ್ಟೂಲಿನವರು ಹೇಳದಿದ್ದರೂ ಊರು ಕಂಡುಹಿಡಿಯುವುದನ್ನು ಬಿಟ್ಟಿರಲಿಲ್ಲ. ಪ್ರತಿ ಹಲ್ಲಿನ ದವಾಖಾನೆಯ ಎದುರಿಗೂ ಒಂದು ಕಾಫಿ ಅಂಗಡಿ ಇತ್ತು, ಅದು ಯಾವಾಗಲೂ ತುಂಬಿರುತ್ತಿತ್ತು. ಕಾಫಿ ಕೆಟ್ಟದಾಗಿರುತ್ತಿತ್ತು. ಯಾರೂ ಕಾಫಿಗಾಗಿ ಬಂದವರಲ್ಲ. ಜೊತೆಗೆ ಕೂತು ಬಂದವರು ಮೆಟ್ಟಿಲಿಳಿದು ಬೂಟು ಹಾಕಿಕೊಳ್ಳುವುದನ್ನು ನೋಡುತ್ತ ಕೂತವರು. ಮುಖ ನೋಡಿದರೆ ಪ್ರಯೋಜನವಿಲ್ಲ, ಎಲ್ಲರೂ ನಗುತ್ತಲೇ ಇಳಿಯುತ್ತಾರೆ. ಬೂಟಿನ ಲೇಸು ಸರಿಯಾಗಿ ಕಟ್ಟಿಕೊಂಡರೆ ಡಾಕ್ಟರು ಒಳ್ಳೆಯವರು. ಹಿಮ್ಮಡಿ ತುಳಿದುಕೊಂಡು ಹೋದರೆ ಸುಮಾರು. ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಹಾಕಿಕೊಂಡು ನಡೆದರೆ ಆ ದವಾಖಾನೆ ಬೇಡ.

ನಮ್ಮತ್ತೆಗೆ ಡಾಕ್ಟರ್ ತಾಮಿಸರ ಮೇಲೆ ಅಪಾರ ಪ್ರೀತಿ ಹುಟ್ಟಿಬಿಟ್ಟಿತ್ತು. ‘ಈ ಕಡೀದೂ ಸ್ವಲ್ಪ ಜುಂ ಅಂತೈತಿ, ತೋರಿಸಿಬಿಡೂಣು’ ಎಂದು ಇನ್ನೊಂದು ಹಲ್ಲು ಕಟ್ಟಿಸಿಕೊಂಡರು. ನಾನು ಇನ್ನೊಂದು ಸಲ ಬೆವರಿದೆ. ಮತ್ತೊಂದರ ಮಾತು ಬಂದಾಗ, ಬೇರೆ ಡಾಕ್ಟರನ್ನು ಹುಡುಕದಿದ್ದರೆ ನಾನು ಉಳಿಯುವುದಿಲ್ಲ ಅನ್ನಿಸಿ, ರಜೆಯ ದಿನ ಮೀನು ಮಾರುಕಟ್ಟೆಯ ಹಿಂದಿನ ಕಾಫಿ ಅಂಗಡಿಗೆ ಹೋಗಿ ಕೂತೆ. ಅಲ್ಲಿ ಎದುರಿಗೆ ಡಾಕ್ಟರ್ ಬೆನೂ ಎಂಬ ಮುದುಕಿಯ ದವಾಖಾನೆ. ಮನೆಯಲ್ಲಿ ಬೇಜಾರು ಅಂತ ಅತ್ತೆಯೂ ಬಂದರು. ಒಂದು ಲೋಟ ಕುಡಿಯುವುದರೊಳಗೆ, ಎಲ್ಲರೂ ಏನು ನೋಡುತ್ತಿದ್ದಾರೆಂದು ಅವರಿಗೆ ಗೊತ್ತಾಗಿಹೋಯಿತು. ನಾನು ವಿಷಯವನ್ನು ಅರ್ಧ ಬಿಚ್ಚಿ ಅರ್ಧ ಮುಚ್ಚಿ ಹೇಳಿದೆ: ನೋವು ಸ್ಟೂಲಿನವರಿಗೆ ದಾಟುತ್ತದೆ, ಅದೂ ಮನಸ್ಸಿದ್ದರೆ ಮಾತ್ರ ಅಂದೆ, ನನಗೆ ದಾಟಿದ್ದನ್ನು ಬಿಟ್ಟೆ.

‘ನೋಡು ನೋಡು, ಆಕಿ ಲೇಸಿಗೆ ಎರಡು ಗಂಟು ಹಾಕಿದ್ಲು. ಈ ಮುದುಕಿ ಶ್ಯಾಣ್ಯಾಳ ಅದಾಳ’ ಅಂದರು ಅತ್ತೆ. ಜೋಳದ ಕಾಳು ನೋಡಿ ರೊಟ್ಟಿ ಹೇಳುವವರು, ಬೂಟು ಯಾವ ಲೆಕ್ಕ? ಪಕ್ಕದ ಮೇಜಿನವರು ಭಾಷೆ ತಿಳಿಯದಿದ್ದರೂ ಇವರ ಬೆರಳು ನೋಡಿ ತಲೆದೂಗುತ್ತಿದ್ದರು. ಹೀಗೆ ಖುಷಿಯಲ್ಲಿದ್ದವರು ಇದ್ದಕ್ಕಿದ್ದಂತೆ ಲೋಟ ಕೆಳಗಿಟ್ಟರು.

‘ಅವತ್ತ ನಿನ್ನ ಬೂಟೂ ಅದಲಬದಲ ಇದ್ದೂ’ ಅಂದರು.

ನಾನು ನನ್ನ ಲೋಟ ಬಾಯಿಗಿಟ್ಟುಕೊಂಡೆ.

‘ಎರಡೂ ಸರ್ತಿ.’

‘ಹೋಗಲಿ ಬಿಡ್ರಿ ಅತ್ತಿ.’

‘ಬಾಯಾಗ ನಾಲಗಿ ಇರಲಿಲ್ಲೇನು ನಿನಗ? ಹೇಳಬಾರದಿತ್ತು?’ ಅಂದರು. ಬೈಗುಳವೇ. ಆದರೆ ದನಿಯಲ್ಲಿ ಎಂದಿನ ಹುರುಪು ಇರಲಿಲ್ಲ.

ಅಂದಿನಿಂದ ಮನೆಯಲ್ಲಿ ಸುಖ ಹೋಯಿತು. ಅತ್ತೆ ನನ್ನ ಬೇಳೆಯನ್ನು ಏನೂ ಅನ್ನದೆ ಉಂಡರು. ಕಸಬರಿಗೆ ನಾನು ನಿಲ್ಲಿಸಿದ ದಿಕ್ಕಿನಲ್ಲೇ ನಿಂತಿತ್ತು. ಮೂರನೆಯ ಹಲ್ಲು ಜುಂ ಅನ್ನುವುದನ್ನು ತಾನಾಗಿಯೇ ನಿಲ್ಲಿಸಿತು. ಅವರು ಬಂದಾಗಿನಿಂದ ನಾನು ಬಯಸಿದ್ದೆಲ್ಲ ಸಿಕ್ಕಿತ್ತು, ಆದರೆ ಮನೆ ಮಾತ್ರ ಬಾಡಿಗೆಯ ಕೋಣೆಯ ಹಾಗಾಗಿತ್ತು. ಅಕ್ಕನಿಗೆ ಫೋನು ಮಾಡಿದರೆ ಹೇಳುವುದಕ್ಕೇನೂ ಇರಲಿಲ್ಲ. ‘ಯಾಕ, ಆರಾಮಿಲ್ಲೇನು?’ ಎಂದು ಅವಳು ಗಾಬರಿಯಾದಳು.

ಆರಾಮಿರಲಿಲ್ಲ. ಇಸ್ತ್ರಿಯ ಹಬೆ ತಾಗಿದಾಗಲೆಲ್ಲ ನನ್ನ ಬಲಗಡೆಯ ದವಡೆ ಹಲ್ಲು ಮಿಡಿಯುತ್ತಿತ್ತು. ಲವಂಗ ಇಟ್ಟೆ, ಉಪ್ಪುನೀರು ಮುಕ್ಕಳಿಸಿದೆ, ಎಡಗಡೆಯಿಂದ ತಿಂದೆ. ಆ ಊರಿನಲ್ಲಿ ದವಡೆ ಜೋಮು ಹಿಡಿಸುವ ಸೂಜಿಮದ್ದು ಯಾರಿಗೂ ಹತ್ತುವುದಿಲ್ಲ, ಮುಂದಿನ ಊರು ಸಮುದ್ರದ ಆಚೆಗಿದೆ. ಕೊನೆಗೆ ಒಂದು ಬೆಳಿಗ್ಗೆ ಕೆನ್ನೆ ಊದಿ ಕಣ್ಣು ಸಣ್ಣದಾಯಿತು. ಮಂದಾರ ನನ್ನ ಮುಖ ನೋಡಿ ಅಳತೊಡಗಿದಳು.

ಹಡಗಿಗೆ ಫೋನು ಮಾಡಿದೆ. ‘ಅವ್ವ ಅದಾಳಲ್ಲ, ಕರಕೊಂಡು ಹೋಗು’ ಅಂದರು ನಮ್ಮನೆಯವರು. ‘ಇಲ್ಲಾಂದ್ರ ತಡಿ, ಮುಂದಿನ ತಿಂಗಳು ನಾನ ಬಂದು ಕೂಡ್ತೀನಿ.’ ತಡೆಯುವ ಹಾಗಿರಲಿಲ್ಲ, ಕೀವು ಕಟ್ಟಿತ್ತು. ಇನ್ನೂ ಒಂದಿತ್ತು. ಗಂಡನನ್ನು ಆ ಸ್ಟೂಲಿನ ಮೇಲೆ ಕೂರಿಸಿ ನೋಡುವ ಧೈರ್ಯ ನನಗಿರಲಿಲ್ಲ. ಕೆಲವು ಲೆಕ್ಕ ಕೂಡಿಸದೆ ಇದ್ದರೇ ಸಂಸಾರ ನಡೆಯುತ್ತದೆ.

‘ನಾನು ಬರುತ್ತೇನೆ’ ಅಂದಳು ಓರ್ಲಾ. ಸಂಜೆ ನಮ್ಮ ಮನೆಗೇ ಬಂದು ಕೈಸನ್ನೆಯಲ್ಲಿ ಅತ್ತೆಗೂ ಹೇಳಿದಳು. ಅತ್ತೆಗೆ ಕೈಸನ್ನೆ ಚೆನ್ನಾಗಿಯೇ ಅರ್ಥವಾಯಿತು.

‘ಮನ್ಯಾಗ ನಾ ಜೀವಂತ ಇರೂ ಮುಂದ ಹೊರಗಿನಾಕಿ ಯಾಕ?’ ಅಂದರು. ‘ಮಂದಿ ಏನಂದಾರು? ಎರಡು ಸರ್ತಿ ನನ್ನ ನೋವು ನೀ ತಗೊಂಡೀ. ನಾ ತಿರುಗಿ ಕೊಡದ ಹೋಗಾಕಿ ಅಲ್ಲ.’

ಓರ್ಲಾ ನನ್ನ ಮುಖ ನೋಡಿದಳು. ಅವಳಿಗೆ ನಮ್ಮ ಭಾಷೆ ಬರದಿದ್ದರೂ ದನಿ ಬರುತ್ತಿತ್ತು. ಮಂದಿ ಏನಂದಾರು ಅಂತ ಕೂತವರಿಗೆ ಏನಾಗುತ್ತದೆ ಎಂದು ನನಗೂ ಗೊತ್ತಿತ್ತು. ಹಲ್ಲಿನ ನೋವನ್ನು ಹೇಗಾದರೂ ನುಂಗಬಹುದು. ಈ ಮುದುಕಿ ನಾಳೆಯಿಂದ ಚಪ್ಪಲಿ ಅಂಗಡಿಯವನ ಹಾಗೆ ನಿಂತು ಊಟ ಮಾಡುವುದನ್ನು ದಿನಾ ನೋಡುವುದು ಹೇಗೆ? ಆದರೆ ಬೇಡ ಅನ್ನಲು ಕಾರಣ ಹೇಳಬೇಕಲ್ಲ. ‘ಆಗಲಿ ಅತ್ತಿ’ ಅಂದೆ.

ಅತ್ತೆ ಇಳಕಲ್ ಸೀರೆ ಉಟ್ಟು, ಹಣೆಗೆ ವಿಭೂತಿ ಇಟ್ಟುಕೊಂಡು ಬಂದರು. ಡಾಕ್ಟರ್ ಬೆನೂ ನನ್ನ ಬಾಯಿ ನೋಡಿ, ಈವತ್ತು ತೆರೆದು ಕೀವು ತೆಗೆಯುತ್ತೇನೆ, ಮುಂದಿನ ವಾರ ಬೇರು ಸ್ವಚ್ಛ ಮಾಡಿ ಮುಚ್ಚುತ್ತೇನೆ ಅಂದರು. ಅತ್ತೆ ಸ್ಟೂಲಿನ ಮೇಲೆ ಕೂತು ನನ್ನ ಬಲಗೈಯನ್ನು ಎರಡೂ ಕೈಯಲ್ಲಿ ಹಿಡಿದರು, ಕಣ್ಣು ಬಿಗಿಯಾಗಿ ಮುಚ್ಚಿದರು, ‘ಶಿವಾ, ಬರಲಿ’ ಅಂದರು.

ಬಂತು. ನನಗೇ ಬಂತು. ಒಂದು ಹನಿಯೂ ಆ ಕಡೆ ಹೋಗದೆ ಪೂರ್ತಿ ನನ್ನೊಳಗೇ ನಿಂತಿತು. ಡಾಕ್ಟರ್ ಬೆನೂ ಅವರ ಕೈ ನಿಜವಾಗಿಯೂ ಹಗುರ, ತಾಮಿಸನ ಮುಂದೆ ಇವರು ದೇವರು, ಆದರೂ ಕೀವು ಕಟ್ಟಿದ ಹಲ್ಲು ಹಲ್ಲೇ. ಕಣ್ಣಿನ ತುದಿಯಿಂದ ನೀರಿಳಿದು ಕಿವಿಯೊಳಗೆ ಹೋಯಿತು. ಓರೆಯಾಗಿ ನೋಡಿದರೆ, ಅತ್ತೆ ಹಲ್ಲು ಕಚ್ಚಿ, ಹೆಗಲು ಬಿಗಿದು, ಅತಿಥಿಗಾಗಿ ಬಾಗಿಲಲ್ಲಿ ನಿಂತವರ ಹಾಗೆ ಕಾಯುತ್ತಿದ್ದರು. ಬರಲಿ, ಬರಲಿ ಎಂದು ತುಟಿ ಅಲ್ಲಾಡುತ್ತಿತ್ತು. ಅವರು ಸುಳ್ಳಿಗೆ ಬಂದವರಲ್ಲ. ತಮಗೆ ಮನಸ್ಸಿದೆ ಎಂದು ನಂಬಿಯೇ ಬಂದಿದ್ದರು.

ಡಾಕ್ಟರು ಯಂತ್ರ ನಿಲ್ಲಿಸಿ ನನ್ನ ಎಡಗೈಯನ್ನೇ ನೋಡಿದರು. ನರ್ಸೂ ನೋಡಿದಳು. ನಾನು ಆ ಕೈಯನ್ನು ಮೆಲ್ಲಗೆ ಸರಿಸಿ, ತೊಡೆಯ ಕೆಳಗೆ ಹಾಕಿಕೊಂಡು, ಅದರ ಮೇಲೆ ಕೂತೆ.

ಏನೂ ಆಗದೆ ಇಷ್ಟು ಹೊತ್ತಾಯಿತಲ್ಲ ಎಂದು ಅತ್ತೆ ಒಂದು ಕಣ್ಣು ತೆರೆದರು. ನನ್ನ ಕಿವಿಯ ಹತ್ತಿರದ ನೀರು ಕಂಡರು. ಅವರ ಮುಖದಿಂದ ಬಣ್ಣ ಇಳಿದದ್ದು ನಾನು ಕಂಡೆ. ಆಮೇಲೆ ಬಾಗಿಲ ಕಡೆ, ಅದರಾಚೆ ಕಾಯುತ್ತ ಕೂತ ಜನರ ಕಡೆ ಒಮ್ಮೆ ನೋಡಿ, ನಮ್ಮತ್ತೆ ನರಳತೊಡಗಿದರು. ‘ಯಪ್ಪಾ! ಯವ್ವಾ! ಸತ್ತೆನ್ರೋ!’ ಡಾಕ್ಟರ್ ಬೆನೂ ಅವರಿಗೆ ಅಷ್ಟು ವರ್ಷದ ವೃತ್ತಿಯಲ್ಲಿ ಅಂಥ ಕೂಗು ಕೇಳಿ ಗೊತ್ತಿರಲಿಕ್ಕಿಲ್ಲ. ಅವರು ನನ್ನನ್ನು ನೋಡಿದರು, ಅತ್ತೆಯನ್ನು ನೋಡಿದರು, ಏನೂ ಕೇಳದೆ ಕೆಲಸ ಮುಗಿಸಿದರು.

ಹೊರಗೆ ಬಂದರೆ ಕಾಯುತ್ತಿದ್ದವರೆಲ್ಲ ಎದ್ದು ನಿಂತಿದ್ದರು. ಒಬ್ಬರು ಅತ್ತೆಗೆ ನೀರು ಕೊಟ್ಟರು, ಒಬ್ಬ ಹೆಂಗಸು ಅವರ ಮೊಣಕೈ ಮುಟ್ಟಿ ಕಣ್ಣಿಗೊತ್ತಿಕೊಂಡಳು. ಇಂಥ ಅತ್ತೆ ಸಿಗಬೇಕಾದರೆ ಪುಣ್ಯ ಮಾಡಿರಬೇಕು ಎಂಬ ಅರ್ಥದಲ್ಲಿ ಎಲ್ಲರೂ ನನ್ನನ್ನು ನೋಡಿದರು. ನಾನು ನಕ್ಕೆ. ಏನೂ ಗೊತ್ತೇ ಆಗದವರು ನಗಬೇಕಾದ ರೀತಿಯಲ್ಲಿ.

ಕೆಳಗೆ ಮೆಟ್ಟಿಲ ಬಳಿ ಅತ್ತೆ ಎದುರಿನ ಕಾಫಿ ಅಂಗಡಿಯನ್ನು ನೋಡಿದರು. ಅಂಗಡಿಯೂ ಅತ್ತೆಯನ್ನು ನೋಡಿತು. ಆಗ ಅವರು ಕಂಬಿ ಹಿಡಿದು ವಾಲುತ್ತ, ಎಡ ಚಪ್ಪಲಿಯನ್ನು ಬಲಗಾಲಿಗೆ, ಬಲ ಚಪ್ಪಲಿಯನ್ನು ಎಡಗಾಲಿಗೆ ಸಾವಕಾಶವಾಗಿ ಹಾಕಿಕೊಂಡರು. ಲೋಟಗಳು ಮೇಜಿನ ಮೇಲೆ ಇಳಿದ ಸದ್ದು ಕೇಳಿಸಿತು. ಆ ವಾರವೆಲ್ಲ ಡಾಕ್ಟರ್ ಬೆನೂ ಅವರಿಗೆ ನೊಣ ಹೊಡೆಯುವ ಕೆಲಸವಾಯಿತಂತೆ. ಊರಿನ ಅತ್ಯಂತ ಒಳ್ಳೆಯ ಡಾಕ್ಟರಿಗೆ ನಾವು ಮಾಡಿದ ಉಪಕಾರ ಅದು.

ಮಾರುಕಟ್ಟೆಯ ತಿರುವು ದಾಟಿ, ಯಾರ ಕಣ್ಣಿಗೂ ಬೀಳದ ಕಡೆ ಬಂದ ಮೇಲೆ ಅತ್ತೆ ನಿಂತರು. ಮೀನಿನ ಖಾಲಿ ಪೆಟ್ಟಿಗೆಯೊಂದರ ಮೇಲೆ ಕೂತು ಚಪ್ಪಲಿ ಬದಲಿಸಿಕೊಂಡರು. ಆಮೇಲೆ ನನ್ನ ಕಾಲು ನೋಡಿದರು. ನಾನೂ ಆಗಲೇ ನೋಡಿಕೊಂಡದ್ದು. ನನ್ನ ಬೂಟುಗಳು ಎರಡೂ ಅದಲುಬದಲಾಗಿದ್ದವು.

‘ಕಾಲು ಕೊಡು ಇಲ್ಲಿ’ ಅಂದರು. ಬೇಡ ಅತ್ತಿ ಅಂದರೂ ಬಿಡದೆ ಬಗ್ಗಿ ಬೂಟು ಎಳೆದು ತೆಗೆದರು. ಲೇಸು ಕಟ್ಟುತ್ತ ಕಟ್ಟುತ್ತ, ತಲೆ ಎತ್ತದೆಯೇ, ಆ ಊರಿನಲ್ಲಿ ಯಾರೂ ಯಾರನ್ನೂ ಕೇಳದ ಮಾತು ಕೇಳಿದರು. ‘ಭಾಳ ನೋವಾತೇನು?’

‘ಇಲ್ರಿ ಅತ್ತಿ. ಗುಬ್ಬಿ ಮುಟ್ಟಿಧಂಗ ಆತು.’

‘ಸುಳ್ಳಿ’ ಅಂದರು. ಲೇಸಿಗೆ ರೊಟ್ಟಿಯ ಗಂಟು ಕಟ್ಟುವ ಹಾಗೆ ಇನ್ನೊಂದು ಗಂಟು ಬಿಗಿದರು. ‘ಮುಂದಿನ ವಾರಾನೂ ನಾನ ಬರಾಕಿ. ಆ ಹೊರಗಿನಾಕೀಗೆ ಹೇಳಿಬಿಡು.’

ಮುಂದಿನ ವಾರ ವಿಭೂತಿ ಇರಲಿಲ್ಲ, ಇಳಕಲ್ ಸೀರೆಯೂ ಇರಲಿಲ್ಲ. ಹುಡುಗರಿಗೆ ಉಣ್ಣಲು ಹಾಕಿ ಉಟ್ಟ ಸೀರೆಯಲ್ಲೇ ಓಡಿ ಬಂದಿದ್ದರು. ಸ್ಟೂಲಿನ ಮೇಲೆ ಕೂತು ನನ್ನ ಕೈಯನ್ನು ಒಂದೇ ಕೈಯಲ್ಲಿ, ಸಂತೆಯಲ್ಲಿ ಮಕ್ಕಳನ್ನು ಹಿಡಿದ ಹಾಗೆ ಹಿಡಿದುಕೊಂಡರು. ಕಣ್ಣು ಮುಚ್ಚಲಿಲ್ಲ. ಡಾಕ್ಟರು ಯಂತ್ರ ಎತ್ತಿಕೊಂಡರು. ನಾನು ಎಡಗೈಯನ್ನು ತೊಡೆಯ ಕೆಳಗೆ ಹಾಕಿಕೊಂಡೆ. ಅದನ್ನು ಕಂಡದ್ದೇ ಅತ್ತೆಗೆ ಎಲ್ಲಿತ್ತೋ ಸಿಟ್ಟು.

‘ತಗಿ ಆ ಕೈ! ದೊಡ್ಡ ತ್ಯಾಗಾ ಮಾಡ್ತಾಳ ಇಕಿ’ ಎಂದು ಶುರುಮಾಡಿದರು. ಆ ಮಾತಿನ ಬೆನ್ನಿಗೇ ಎಷ್ಟೋ ದಿನದಿಂದ ನುಂಗಿಕೊಂಡಿದ್ದೆಲ್ಲ ಬಂತು. ‘ಒಂದು ಕೆಲಸಾ ನೆಟ್ಟಗ ಮಾಡಾಕ ಬರೂದಿಲ್ಲ. ಮುಂಜಾನಿ ಆ ಬ್ಯಾಳಿ ಮಾಡಿದ್ದಿ, ಅದನ್ನ ಬ್ಯಾಳಿ ಅಂತಾರೇನು? ಒಂದು ಚೂರು ಉಪ್ಪು ಹಾಕಿದ್ರ ನಿಮ್ಮಪ್ಪನ ಗಂಟೇನು ಹೋಗ್ತಿತ್ತು? ಆ ಕಸಬರಿಗಿ ಅಂತೂ...’

ಕಸಬರಿಗೆಯ ಮಾತು ಅಲ್ಲಿಗೇ ನಿಂತಿತು. ಅತ್ತೆಯ ಇನ್ನೊಂದು ಕೈ ತಾನಾಗಿ ಮೇಲೆದ್ದು ಅವರ ಬಲಗೆನ್ನೆಯ ಮೇಲೆ ಹೋಗಿ ಕೂತಿತು. ನನ್ನ ದವಡೆಯಲ್ಲಿ ಅರ್ಧ ಉಳಿದಿತ್ತು, ಇನ್ನರ್ಧ ಎಲ್ಲಿಗೋ ಹೋಗಿತ್ತು.

ಡಾಕ್ಟರ್ ಬೆನೂ ಯಂತ್ರ ನಿಲ್ಲಿಸಿ, ಮುಂದುವರಿಸಲೇ ಎಂದು ಹುಬ್ಬೆತ್ತಿ ಅತ್ತೆಯನ್ನು ಕೇಳಿದರು.

‘ತಡಿಯವಾ’ ಅಂದರು ಅತ್ತೆ, ಕೆನ್ನೆಯಿಂದ ಕೈ ತೆಗೆಯದೆ. ‘ಕಸಬರಿಗೀದು ಹೇಳಿ ಮುಗಿಸ್ತೀನಿ.’